ಕಂಪನಿ ಹೋಯಿತು, ಕಾರು ಉಳಿಯಿತು. ಕೂಲೆಂಟ್ ಡಬ್ಬಿ ಎಲ್ಲಿ?

ಪುಣೆ: ಊರಿಗೆ ಹೊರಟ ಪುಣೆಯ ಕನ್ನಡಿಗರಿಗೆ ಕಾತ್ರಜ ಎಂದರೆ ಮನೆಯ ಹೊಸ್ತಿಲು ಇದ್ದ ಹಾಗೆ. ಖಾಸಗಿ ಬಸ್ಸು ಹಿಡಿಯುವವರು ಸಂಜೆಯಾಗುತ್ತಲೇ ಕಾತ್ರಜ ಚೌಕದಲ್ಲಿ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಾರೆ. ಸ್ವಂತ ಕಾರು ಉಳ್ಳವರು ಹಳೆಯ ಘಾಟಿಯನ್ನೋ ಬೈಪಾಸ್‌ನ ಹೊಸ ಸುರಂಗವನ್ನೋ ಹಿಡಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮಾರ್ಗವಾಗಿ ಬೆಳಗಾವಿ ಮುಟ್ಟುತ್ತಾರೆ. ಮೇ ತಿಂಗಳ ಬಿಸಿಲು, ಡಿಕ್ಕಿ ತುಂಬ ಸಾಮಾನು, ಒಳಗೆ ಐದು ಜನ, ಮೇಲೆ ಎ.ಸಿ. ಬೇರೆ. ಕಾರಿಗೆ ವಯಸ್ಸಾಗಿದೆಯೋ ಇಲ್ಲವೋ ಎಂಬುದು ಘಾಟಿಯ ಎರಡನೇ ಗೇರಿನಲ್ಲಿ ತಿಳಿಯುತ್ತದೆ. ಬಾನೆಟ್ ಅಂಚಿನಿಂದ ಬಿಳಿ ಹಬೆ ಏಳುತ್ತಿದ್ದರೆ ಪ್ರಯಾಣ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ.

ಕುಂದಾಪುರ ಕಡೆಯವರಾದ, ಕಾತ್ರಜದಲ್ಲಿ ನೆಲೆಸಿರುವ ಹೋಟೆಲ್ ಉದ್ಯೋಗಿಯೊಬ್ಬರಿಗೆ ಇಂಥದೇ ಪೇಚು ಬಂದೊದಗಿತ್ತು. ಊರಿನಲ್ಲಿದ್ದ ವೃದ್ಧ ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಪುಣೆಯ ಆಸ್ಪತ್ರೆಯಲ್ಲಿ ದಿನ ನಿಗದಿಯಾಗಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರಲು ಆಕೆಗೆ ಸಾಧ್ಯವಿರಲಿಲ್ಲ. ಇದ್ದ ಒಂದೇ ಆಸರೆ ಎಂದರೆ, ಬ್ಯಾಂಕ್ ಸಾಲದ ಕೊನೆಯ ಕಂತು ತುಂಬಿ ಕೆಲ ವರ್ಷಗಳಾಗಿದ್ದ ಒಂದು ಡೀಸೆಲ್ ಕಾರು. ಅದನ್ನು ತಯಾರಿಸಿದ ಕಂಪನಿ ಅಷ್ಟರಲ್ಲಿ ಭಾರತದಲ್ಲಿ ಕಾರು ಮಾರುವುದನ್ನೇ ಬಿಟ್ಟಿತ್ತು.

ದೋಷ ದೊಡ್ಡದೇನೂ ಆಗಿರಲಿಲ್ಲ. ಎಂಜಿನ್ ಪಕ್ಕದಲ್ಲಿ ಕೂಲೆಂಟ್ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ದಿನಾ ಬೆಳಿಗ್ಗೆ ಮಟ್ಟ ಒಂದು ಬೆರಳು ಇಳಿದಿರುತ್ತಿತ್ತು. ಸರ್ವೀಸ್ ಕೇಂದ್ರದಲ್ಲಿ ಭಾಗದ ಸಂಖ್ಯೆ ಹಾಕಿ ನೋಡಿದವರು ಈ ಡಬ್ಬಿಯ ತಯಾರಿಕೆಯೇ ನಿಂತಿದೆ ಎಂದು ಕೈಚೆಲ್ಲಿದರು. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆದರೂ ಸಿಗಲಿಲ್ಲ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಹಚ್ಚಿದ ಎಮ್‌ಸೀಲ್ ಎರಡನೇ ದಿನವೇ ಸಿಪ್ಪೆಯಂತೆ ಎದ್ದು ಬಂತು. ಅದರಲ್ಲಿ ಆಶ್ಚರ್ಯವಿಲ್ಲ. ಇಂಥ ಡಬ್ಬಿಗಳನ್ನು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಅದಕ್ಕೆ ಸಾಧಾರಣ ಅಂಟುಗಳು ಯಾವುವೂ ಕಚ್ಚುವುದಿಲ್ಲ.

ಕಂಪನಿಗಳು ಬಾಗಿಲು ಹಾಕುವುದು ಈ ಭಾಗದವರಿಗೆ ಹೊಸ ಸುದ್ದಿಯಲ್ಲ. ಪುಣೆ ಸಮೀಪದ ತಳೇಗಾಂವ್‌ನಲ್ಲಿ ಕಾರ್ಖಾನೆ ಹೊಂದಿದ್ದ ಜನರಲ್ ಮೋಟರ್ಸ್ 2017ರ ಕೊನೆಗೆ ಷೆವರ್ಲೆ ಕಾರುಗಳನ್ನು ದೇಶದೊಳಗೆ ಮಾರುವುದನ್ನು ನಿಲ್ಲಿಸಿತು. ರಫ್ತಿಗಾಗಿ ಮಾತ್ರ ನಡೆಯುತ್ತಿದ್ದ ಆ ಕಾರ್ಖಾನೆ 2020ರ ಡಿಸೆಂಬರ್‌ನಲ್ಲಿ ನಿಂತು, ಆನಂತರ ಹ್ಯುಂಡೈ ಪಾಲಾಯಿತು. ರಾಂಜಣಗಾಂವ್‌ನಲ್ಲಿ ತಯಾರಾಗುತ್ತಿದ್ದ ಫಿಯೆಟ್ ಪುಂಟೋ, ಲಿನಿಯಾಗಳೂ 2020ರ ಹೊತ್ತಿಗೆ ಇಲ್ಲವಾದವು. 2021ರಲ್ಲಿ ಫೋರ್ಡ್ ಕೂಡ ಇಲ್ಲಿನ ತಯಾರಿಕೆಗೆ ವಿದಾಯ ಹೇಳಿತು. ಕಾರುಗಳು ಮಾತ್ರ ಮನೆಮುಂದೆ ನಿಂತೇ ಇವೆ.

ಎಂಜಿನ್‌ಗೆ ಸಂಬಂಧಿಸಿದ ಭಾಗಗಳು ಹೇಗೋ ಸಿಗುತ್ತವೆ. ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಪುಂಟೋದಲ್ಲಿ ಇದ್ದಂತೆಯೇ ಮಾರುತಿ ಸ್ವಿಫ್ಟ್‌ನಲ್ಲೂ ಟಾಟಾ ವಿಸ್ಟಾದಲ್ಲೂ ಇತ್ತು. ಹಿಂದಿನ ಪ್ರೀಮಿಯರ್ 118 ಎನ್.ಇ. ಕಾರಿನೊಳಗೆ ಇದ್ದುದು ನಿಸ್ಸಾನ್ ಎಂಜಿನ್. ಹೀಗೆ ಎಂಜಿನ್‌ಗೆ ಅಕ್ಕತಂಗಿಯರು ಇರುತ್ತಾರೆ. ಕೂಲೆಂಟ್ ಡಬ್ಬಿಗೆ ಆ ಭಾಗ್ಯವಿಲ್ಲ. ಒಂದು ಮಾದರಿಯ ಬಾನೆಟ್ ಕೆಳಗೆ ಉಳಿದ ಮೂಲೆಗೆ ಹೊಂದುವಂತೆ ಅದನ್ನು ಅಚ್ಚು ಹಾಕಿರುತ್ತಾರೆ. ಮಾದರಿ ನಿಂತರೆ ಅಚ್ಚೂ ಮೂಲೆ ಸೇರುತ್ತದೆ. ಲಕ್ಷಗಟ್ಟಲೆ ರೂಪಾಯಿಯ ಕಾರು ಕೆಲವು ನೂರು ರೂಪಾಯಿಯ ಡಬ್ಬಿಗಾಗಿ ಗುಜರಿ ಸೇರುವ ವಿಪರ್ಯಾಸ ಹುಟ್ಟುವುದು ಹೀಗೆ.

ಗಡಿಬಿಡಿಯಲ್ಲಿದ್ದ ಆ ಹೋಟೆಲ್ ಉದ್ಯೋಗಿ ಮೊದಲು ಎಡವಿದ್ದೂ ಇಲ್ಲಿಯೇ. ಯಾರೋ ಹೇಳಿದರೆಂದು ಬೇರೆ ಸಣ್ಣ ಕಾರಿನ ಡಬ್ಬಿಯೊಂದನ್ನು ತಂದು ಪೈಪು ಜೋಡಿಸಿ, ಪರೀಕ್ಷೆಗೆಂದು ಹಳೆಯ ಕಾತ್ರಜ ಘಾಟಿ ಏರಿದರು. ಅರ್ಧ ದಾರಿಯಲ್ಲಿ ಕೂಲೆಂಟ್ ಕೊತಕೊತ ಕುದಿದು ಮುಚ್ಚಳದ ಸಂದಿಯಿಂದ ಹೊರಚೆಲ್ಲಿತು. ಪುಣ್ಯಕ್ಕೆ ಮುಳ್ಳು ಕೆಂಪಿಗೆ ಹೋಗುವ ಮುನ್ನವೇ ಎಂಜಿನ್ ನಿಲ್ಲಿಸಿದರು. ಹತ್ತು ನಿಮಿಷ ಹಾಗೆಯೇ ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್ ಹೆಡ್ ಡೊಂಕಾಗಿ, ಹತ್ತಾರು ಸಾವಿರದ ಬಿಲ್ಲು ಕೈಗೆ ಬರುತ್ತಿತ್ತು.

ಕೊನೆಗೆ ಅವರಿಗೆ ನೆರವಾದವರು ಕಾತ್ರಜ–ಕೊಂಢ್ವಾ ರಸ್ತೆಯ ಗ್ಯಾರೇಜೊಂದರಲ್ಲಿ ದುಡಿಯುವ ವಿಜಯಪುರ ಕಡೆಯ ಮೆಕ್ಯಾನಿಕ್. ಬಾನೆಟ್ ಎತ್ತಿ ನೋಡಿದವರೇ ನಕ್ಕುಬಿಟ್ಟರು.

“ಅಣ್ಣಾರ, ಆ ಡಬ್ಬಿ ಬ್ಯಾರೆ, ಈ ಡಬ್ಬಿ ಬ್ಯಾರೆರಿ. ಇದಕ್ಕ ಒತ್ತಡ ಹಿಡಿಯೋ ಡಬ್ಬಿನೇ ಬೇಕ್ರಿ.”

“ಹಾಂಗಾರೆ ಎಂತ ಮಾಡೂದ್ ಮಾರಾಯ್ರೆ? ಅಮ್ಮನ್ನ್ ಕರ್ಕಂಡ್ ಬರ್ಕಲೆ!”

ಮೆಕ್ಯಾನಿಕ್ ವಿವರಿಸಿದ ಈ ವ್ಯತ್ಯಾಸ ಹಳೆಯ ಕಾರು ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದದ್ದು. ಮಾರುತಿ 800ರಂಥ ಕಾರುಗಳಲ್ಲಿ ಒತ್ತಡದ ಮುಚ್ಚಳ ರೇಡಿಯೇಟರ್ ಮೇಲೆಯೇ ಇರುತ್ತದೆ. ಪಕ್ಕದ ಡಬ್ಬಿಯ ಕೆಲಸ ಉಕ್ಕಿದ್ದನ್ನು ಹಿಡಿದಿಟ್ಟು, ಎಂಜಿನ್ ತಣಿದಾಗ ಮರಳಿಸುವುದಷ್ಟೇ. ಅಲ್ಲಿಗೆ ಸೋರದ, ಬಿಸಿ ತಾಳುವ ಯಾವ ಡಬ್ಬಿಯಾದರೂ ನಡೆದೀತು. ಇನ್ನೊಂದು ಬಗೆಯ ಕಾರುಗಳಲ್ಲಿ ರೇಡಿಯೇಟರ್‌ಗೆ ಮುಚ್ಚಳವೇ ಇಲ್ಲ. ಮುಚ್ಚಳ ಇರುವುದು ಡಬ್ಬಿಗೆ, ಇಡೀ ವ್ಯವಸ್ಥೆಯ ಒತ್ತಡವನ್ನು ಡಬ್ಬಿಯೇ ಹೊರುತ್ತದೆ. ಪುಣೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೊದಲೇ ಕುದಿಯುತ್ತದೆ. ಮುಚ್ಚಿಟ್ಟು ಸುಮಾರು 1 ಬಾರ್ ಒತ್ತಡ ಹೆಚ್ಚಿಸಿದರೆ 120 ಡಿಗ್ರಿಯ ಹತ್ತಿರ ಬರುವವರೆಗೂ ಕುದಿಯುವುದಿಲ್ಲ. ಮನೆಯ ಕುಕ್ಕರಿನದೂ ಇದೇ ತತ್ತ್ವ. ಒತ್ತಡ ಹಿಡಿಯದ ಡಬ್ಬಿ ಜೋಡಿಸಿದ ದಿನ ಆ ಕಾರು ಸೀಟಿ ತೆಗೆದ ಕುಕ್ಕರಿನಂತಾಗಿತ್ತು. ಪೇಟೆಯ ಸಮತಟ್ಟು ರಸ್ತೆಯಲ್ಲಿ ಗೊತ್ತಾಗದ ಈ ಕೊರತೆ ಘಾಟಿಯಲ್ಲಿ ಬಯಲಾಯಿತು.

ಅಂದಹಾಗೆ, ನೀರನ್ನು ಕೂಡಿಟ್ಟು ಹದವಾಗಿ ಹರಿಸುವ ವಿದ್ಯೆ ಕಾತ್ರಜಕ್ಕೆ ಹೊಸದೇನಲ್ಲ. 18ನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಇಲ್ಲಿನ ಕೆರೆಯಿಂದಲೇ ನೆಲದಡಿಯ ಕಾಲುವೆ ಮೂಲಕ ಪುಣೆ ಪೇಟೆಯ ಹೌದುಗಳಿಗೆ ನೀರು ಹೋಗುತ್ತಿತ್ತು.

ಬದಲಿ ಡಬ್ಬಿ ಹುಡುಕುವಾಗ ಆಕಾರಕ್ಕಿಂತ ಬೇರೆ ಸಂಗತಿಗಳು ಮುಖ್ಯ ಎಂಬುದು ಈ ಮೆಕ್ಯಾನಿಕ್‌ನ ಅನುಭವದ ಮಾತು. ಪೈಪು ಸಿಕ್ಕಿಸುವ ಮೂತಿಗಳು ಎಷ್ಟು, ಅವುಗಳ ದಪ್ಪವೆಷ್ಟು ಎಂದು ಅಳೆಯಬೇಕು. ಕೂರಿಸಿದ ಮೇಲೆ ಡಬ್ಬಿ ವ್ಯವಸ್ಥೆಯ ಎಲ್ಲ ಭಾಗಗಳಿಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಒಳಗಿನ ಗಾಳಿ ಹೊರಬರದೆ ಎಂಜಿನ್ ತಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೈಲೆನ್ಸರ್ ಪೈಪಿನ ಬಿಸಿ, ಫ್ಯಾನ್ ಬೆಲ್ಟು ತಾಗಬಾರದು. ಅಲ್ಯೂಮಿನಿಯಂ ತಗಡಿನಲ್ಲಿ ಹೊಸ ಡಬ್ಬಿ ಮಾಡಿಸಬಹುದು. ಆರ್ಗಾನ್ ವೆಲ್ಡಿಂಗ್ ಬಲ್ಲವರು ಬೇಕು, ಮುಚ್ಚಳ ಕೂರುವ ಕತ್ತನ್ನು ಮಾತ್ರ ಯಾವುದಾದರೂ ಕಂಪನಿ ಡಬ್ಬಿಯದೇ ಬಳಸಬೇಕು. ಸಣ್ಣ ಬಿರುಕಾದರೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಸಿ ಬೆಸುಗೆ ಹಾಕಬಹುದು. ಊರಿನ ದಾರಿಗೆ ಅದನ್ನು ನಂಬಿ ಹೊರಡುವುದು ಬೇಡ.

ಕೊನೆಗೆ ಡಬ್ಬಿ ಸಿಕ್ಕಿದ್ದು ಮುಂಬಯಿಯಲ್ಲಿ. ಕುರ್ಲಾದಲ್ಲಿರುವ ಭಾವ ಅಲ್ಲಿನ ಹಳೆ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಎರಡು ದಿನ ಅಲೆದು, ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಡಬ್ಬಿಯನ್ನು ಪಡೆದು ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸಿಕೊಟ್ಟರು. ಭಾಗದ ಮೇಲೆ ಅಚ್ಚಾಗಿದ್ದ ಸಂಖ್ಯೆಯ ಫೋಟೊ ಮೊದಲೇ ಫೋನಿನಲ್ಲಿ ಹೋಗಿದ್ದರಿಂದ ತಪ್ಪು ಮಾಲು ಬರಲಿಲ್ಲ. ಕೈಪಂಪಿನಿಂದ ಒತ್ತಡ ತುಂಬಿ ಅರ್ಧ ಗಂಟೆ ಇಟ್ಟರೂ ಮುಳ್ಳು ಕದಲಲಿಲ್ಲ.

ಮೆಕ್ಯಾನಿಕ್ ಆಮೇಲೂ ಒಪ್ಪಲಿಲ್ಲ. ಹಳೆಯ ಮುಚ್ಚಳವನ್ನು ಹಾಕಲು ಬಿಡಲಿಲ್ಲ. ಮುಚ್ಚಳದೊಳಗಿನ ಸ್ಪ್ರಿಂಗ್ ವಾಲ್ವ್ ಜಾಮ್ ಆದರೆ ಒತ್ತಡ ಮಿತಿ ಮೀರಿ ಡಬ್ಬಿ ಸೀಳುತ್ತದೆ, ಮೊದಲ ಡಬ್ಬಿ ಹೋದದ್ದೂ ಹಾಗೆಯೇ ಇರಬಹುದು ಎಂಬುದು ಅವರ ಸಂಶಯ. ಮುಚ್ಚಳದ ಮೇಲೆ 1.1, 1.4 ಹೀಗೆ ಒತ್ತಡದ ಅಂಕಿ ಬರೆದಿರುತ್ತದೆ. ಅದೇ ಅಂಕಿಯ, ಅದೇ ಎಳೆಯ ಹೊಸ ಮುಚ್ಚಳ ಬೇರೆ ಕಂಪನಿಯದ್ದು ನಾನಾ ಪೇಠೆಯಲ್ಲೇ ಸಿಕ್ಕಿತು. ಬರಿಯ ನಲ್ಲಿ ನೀರು ಸುರಿಯುವ ಅಭ್ಯಾಸಕ್ಕೂ ಅಂದೇ ತಡೆ ಬಿತ್ತು. ಅದರಿಂದ ಒಳಗೆ ತುಕ್ಕು, ಬಿಳಿ ಗಸಿ ಕಟ್ಟುತ್ತದೆ.

ಬ್ಯಾಂಕಿನ ಲೆಕ್ಕದಲ್ಲಿ ಸವಕಳಿ ಕಳೆದರೆ ಇಂಥ ಕಾರಿನ ಮೌಲ್ಯ ಸೊನ್ನೆಗೆ ಸಮೀಪ. 15 ವರ್ಷ ತುಂಬಿದರೆ ಫಿಟ್‌ನೆಸ್ ಪರೀಕ್ಷೆ, ಮರುನೋಂದಣಿ, ಹಸಿರು ತೆರಿಗೆ ಬೇರೆ. ಆದರೂ ಡಬ್ಬಿ, ಮುಚ್ಚಳ, ಕೂಲೆಂಟ್, ಕೂಲಿ ಎಲ್ಲ ಸೇರಿ ಆದ ಖರ್ಚು ಹೊಸ ಕಾರಿನ ಒಂದು ತಿಂಗಳ ಕಂತಿಗಿಂತ ಕಡಿಮೆ.

ಆಸ್ಪತ್ರೆಯ ದಿನಕ್ಕೆ ನಾಲ್ಕು ದಿನ ಇರುವಾಗ ಕಾರು ಕುಂದಾಪುರಕ್ಕೆ ಹೊರಟಿತು. ಕಾತ್ರಜದ ಏರು, ಮುಂದೆ ಖಂಬಾಟ್ಕಿ ಘಾಟಿ, ಎರಡರಲ್ಲೂ ಮುಳ್ಳು ನಡುವಿನಲ್ಲೇ ನಿಂತಿತ್ತು. ಮರಳುವಾಗ ಹಿಂದಿನ ಸೀಟಿನಲ್ಲಿ ತಾಯಿ ಕಾಲು ಚಾಚಿ ಮಲಗಿದ್ದರು. ಬಿರುಕು ಬಿಟ್ಟ ಹಳೆಯ ಡಬ್ಬಿಯನ್ನು ಮೆಕ್ಯಾನಿಕ್ ಬಿಸಾಡಲು ಬಿಟ್ಟಿಲ್ಲ. ಅದೇ ಮಾದರಿಯ ಇನ್ನೊಂದು ಕಾರು ಬಂದರೆ ಅಳತೆಗೆ ಬೇಕಾಗುತ್ತದೆ ಎಂದು ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದಾರೆ.