‘ಮನೆಗೆ ಹೋಗೋಣ’ ಎನ್ನುವ ಹಿರಿಯರೊಂದಿಗೆ
(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಕ್ರಿಸ್ತಜಯಂತಿಯ ಬೆನ್ನಿಗೇ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಈ ಹಬ್ಬದ ವಾಚನಗಳಲ್ಲಿ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವೂ ಒಂದು. ವೃದ್ಧ ತಂದೆಯ ಬುದ್ಧಿ ಮಸುಕಾದರೂ ಆತನನ್ನು ಹೀನಾಯವಾಗಿ ಕಾಣಬಾರದೆಂದು ಅದು ಬೋಧಿಸುತ್ತದೆ. ಮರೆವಿನ ರೋಗ, ಅಂದರೆ ಡಿಮೆನ್ಷಿಯಾ ಇರುವ ಮನೆಗಳಿಗೆ ಈ ಬೋಧನೆ ಇಂದು ನೇರವಾಗಿ ತಟ್ಟುತ್ತದೆ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ರಾತ್ರಿ ಎದ್ದು ಬೀದಿಗೆ ಹೋಗುವ ತಾಯಿಯನ್ನು ಕಾಯಲು ಮನೆಯಲ್ಲಿ ಜನರಿಲ್ಲದಿದ್ದಾಗ ಕೆಲವು ಕುಟುಂಬಗಳು ಆರೈಕೆ ಕೇಂದ್ರದ ಮೊರೆ ಹೋಗಬೇಕಾಗುತ್ತದೆ. ‘ಹೆತ್ತವಳನ್ನು ಹೊರಗೆ ಹಾಕಿದೆವು’ ಎಂಬ ಕೊರಗು ಆಗ ಮಕ್ಕಳನ್ನು ಸುಡುತ್ತದೆ. ಕೈಲಾಗದ ಆರೈಕೆಗೆ ನೆರವು ಪಡೆಯುವುದು ಪಾಪವಲ್ಲ. ಬಿಟ್ಟುಬಂದು ಮರೆತುಬಿಡುವುದು ಪಾಪ.

ಬಾಗಲಕೋಟೆಯವರಿಗೆ ಮನೆ ಕಳೆದುಕೊಳ್ಳುವ ನೋವು ಹೊಸದಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೇ ಊರಿನ ಓಣಿಗಳು ಮುಳುಗಿದವು. ಜನರು ನವನಗರದ ಸೆಕ್ಟರುಗಳಿಗೆ ಬಂದರು. ಆ ಓಣಿಯಲ್ಲಿ ಬಾಳಿದ ಅಜ್ಜಿಯೊಬ್ಬರು ಈಗ ಕೇಂದ್ರದಲ್ಲಿ ಕುಳಿತು, “ನನ್ನ ಮನೀಗೆ ಕರಕೊಂಡು ಹೋಗಪಾ” ಎನ್ನುತ್ತಾರೆಂದುಕೊಳ್ಳೋಣ. ಯಾವ ಮನೆಗೆ ಕರೆದೊಯ್ಯುವುದು? ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಅವರು ಕೇಳುವುದು ವಿಳಾಸವನ್ನಲ್ಲ, ನೆಮ್ಮದಿಯನ್ನು. “ಆ ಮನೆ ಮುಳುಗಿತು” ಎಂದು ವಾದಿಸಬೇಡಿ. “ನಾಳೆ ಹೋಗೋಣ” ಎಂಬ ಸುಳ್ಳು ಭರವಸೆಯೂ ಬೇಡ. “ಮನೀ ನೆನಪಾತೇನಬೇ? ಅಂಗಳದಾಗ ಏನಿತ್ತು, ಹೇಳು” ಎಂದು ಪಕ್ಕದಲ್ಲಿ ಕುಳಿತು ಕೈ ಹಿಡಿಯಿರಿ.

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ನೇಕಾರರು ಕೊಂಡಿ ಹಾಕಿ ಕೂಡಿಸುತ್ತಾರೆ. ಹಳೆಯ ಮನೆ ಒಡಲಾದರೆ ಹೊಸ ಕೊಠಡಿ ಸೆರಗು. ನಡುವಿನ ಕೊಂಡಿ ನಾವೇ. ಸೇರಿಸುವ ಮೊದಲೇ ಅವರನ್ನು ಒಂದೆರಡು ಬಾರಿ ಅಲ್ಲಿಗೆ ಕರೆದೊಯ್ದು ಊಟ ಮಾಡಿಸಿ. ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ಕನ್ನಡ ಬರುತ್ತದೆಯೇ, ಬಚ್ಚಲಿನಲ್ಲಿ ಹಿಡಿಕೆಗಳಿವೆಯೇ ಎಂದು ವಿಚಾರಿಸಿ. ಅವರು ಹೊದೆಯುತ್ತಿದ್ದ ಕೌದಿ, ಹಳೆಯ ಸೀರೆ, ಜಪಸರ, ಮದುವೆಯ ಫೋಟೋ ಮೊದಲ ದಿನವೇ ಹಾಸಿಗೆಯ ಬಳಿ ಇರಲಿ. ಅವರನ್ನು ಏನೆಂದು ಕರೆಯಬೇಕು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಬೇಕೇ, ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ.

ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಸಂಜೆಯಾದಂತೆ ಅನೇಕರಲ್ಲಿ ಕಳವಳ ಹೆಚ್ಚುವುದರಿಂದ ಬೆಳಿಗ್ಗೆ ಭೇಟಿ ಕೊಡುವುದು ಒಳ್ಳೆಯದು. ಮಾತು ಮರೆತವರೂ ‘ನಮೋ ಮರಿಯಾ’ ಜಪಕ್ಕೆ ತುಟಿ ಕೂಡಿಸುವುದುಂಟು, ಅವರೊಂದಿಗೆ ಪ್ರಾರ್ಥಿಸಿ. ಧರ್ಮಕೇಂದ್ರದ ಗುರುಗಳಿಗೂ ತಿಳಿಸಿ, ಪರಮಪ್ರಸಾದ ಅಲ್ಲಿಗೂ ತಲುಪಲಿ. ಬಾದಾಮಿ, ಹುನಗುಂದದ ಕಡೆಯವರು ರೋಗದ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೆ ಹೋಗಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

1839ರಲ್ಲಿ ಫ್ರಾನ್ಸಿನ ಸಂತ ಜಾನ್ ಜುಗಾನ್ ಕುರುಡಿಯಾದ ವೃದ್ಧೆಯೊಬ್ಬಳನ್ನು ತನ್ನ ಕೋಣೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆ ಕಟ್ಟಿದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲೂ ವೃದ್ಧರ ಸೇವೆ ಮಾಡುತ್ತಿದ್ದಾರೆ. ಪರರ ಮನೆಯೂ ಪ್ರೀತಿಯಿಂದ ಮನೆಯಾಗಬಲ್ಲದು.

ಪವಿತ್ರ ಕುಟುಂಬವೂ ಮನೆ ಬಿಟ್ಟು ಈಜಿಪ್ಟಿನ ಪರನಾಡಿನಲ್ಲಿ ಬಾಳಿತು. ಅಲ್ಲಿ ಅವರಿಗೆ ಸ್ವಂತ ಸೂರಿರಲಿಲ್ಲ, ಒಬ್ಬರಿಗೊಬ್ಬರು ಜೊತೆಗಿದ್ದರು. ನಮ್ಮ ಹೆಸರು ಮರೆತ ತಾಯಿಯ ಬಳಿ ಈ ಹಬ್ಬದಂದು ಹೋಗಿ ಕೂರೋಣ. ಆಕೆ ನಮ್ಮನ್ನು ಗುರುತಿಸದಿದ್ದರೇನು, ನಾವು ಆಕೆಯನ್ನು ಬಲ್ಲೆವಲ್ಲ!