ಸಂಘದ ಲೆಕ್ಕ ಎಲ್ಲರಿಗೂ ಕಾಣಲಿ: ಕಂಪ್ಯೂಟರಿಗೆ ಇನ್ನೊಂದು ಪರದೆ ಜೋಡಿಸುವ ಬಗೆ



ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದಾಗ ಸಂಘದ ಲೆಕ್ಕವೆಲ್ಲ ಪುಸ್ತಕದಲ್ಲೇ ಇತ್ತು. ಚಾಪೆಯ ಮೇಲೆ ಪುಸ್ತಕ ಬಿಚ್ಚಿಟ್ಟರೆ ಸುತ್ತ ಕೂತವರು ಬಗ್ಗಿ ನೋಡಬಹುದಿತ್ತು. 2015ರಲ್ಲಿ ಅದೇ ನಬಾರ್ಡ್ 'ಇ-ಶಕ್ತಿ' ಹೆಸರಿನಲ್ಲಿ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಯೋಜನೆ ತಂದಿತು. ಈಗ ಅನೇಕ ಕಡೆ ಲೆಕ್ಕ ಕಂಪ್ಯೂಟರಿನಲ್ಲಿದೆ. ಇದು ಒಳ್ಳೆಯದೇ. ಆದರೆ ಲ್ಯಾಪ್‌ಟಾಪಿನ ಮುಖ ಬರೆಯುವವರ ಕಡೆಗೆ, ಬೆನ್ನು ಸದಸ್ಯರ ಕಡೆಗೆ! "ಅವರು ಬರೆದದ್ದು ಸರಿಯೇ ಇರ್ತದೆ ಬಿಡಿ" ಅಂತ ಸಹಿ ಹಾಕಿ ಎದ್ದು ಬರುವುದು ರೂಢಿಯಾಗುತ್ತಿದೆ.

ಒಂದು ಲೆಕ್ಕ ನೋಡೋಣ. ಒಬ್ಬ ಸಹೋದರಿಗೆ 10,000 ರೂಪಾಯಿ ಸಾಲ ಇದೆ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಆಕೆ ಅಸಲು 1,000, ಬಡ್ಡಿ 100 ಕಟ್ಟಿದಳು. ಉಳಿದ ಸಾಲ 9,000. ಬರೆಯುವವರ ಕೈ ತಪ್ಪಿ ಅಸಲು 1,000ದ ಜಾಗದಲ್ಲಿ 100 ಅಂತ ಒತ್ತಿದರೆ ಸಾಲ 9,900 ಎಂದೇ ನಿಲ್ಲುತ್ತದೆ. ಮುಂದಿನ ತಿಂಗಳ ಬಡ್ಡಿ 90ರ ಬದಲು 99. ಒಂದು ಸೊನ್ನೆ ಬಿಟ್ಟದ್ದಕ್ಕೆ ಬಡವಳ ತಲೆ ಮೇಲೆ 900 ರೂಪಾಯಿ! ಎಲ್ಲರ ಕಣ್ಣಿಗೆ ಬೀಳುವ ಹಾಗಿದ್ದರೆ ಕೂತಲ್ಲೇ ತಿದ್ದಬಹುದು. ಅದಕ್ಕೇ ಸದಸ್ಯರ ಕಡೆ ಮುಖ ಮಾಡಿದ ಇನ್ನೊಂದು ಪರದೆ ಬೇಕು.

ಹೊಸದು ಕೊಳ್ಳಬೇಕೇ?

ಬೇಕಾಗಿಲ್ಲ. ಸಭೆ ನಡೆಯುವ ಮನೆಯಲ್ಲಿ ಚಪ್ಪಟೆ ಟಿವಿ ಇದ್ದರೆ ಸಾಕು. ಹಳೆಯ ಕಂಪ್ಯೂಟರಿನ ಮಾನಿಟರ್ ಆದರೂ ಆದೀತು. ಬೇಕಾದದ್ದು ಸರಿಯಾದ ಕೇಬಲ್ ಮಾತ್ರ.

ಕೇಬಲ್ ಗುರುತಿಸುವುದು

ವಿಜಿಎ: ಸಾಮಾನ್ಯವಾಗಿ ನೀಲಿ ಬಣ್ಣ, ಮೂರು ಸಾಲಿನಲ್ಲಿ 15 ಸಣ್ಣ ಪಿನ್ನು, ಎರಡು ಬದಿಗೆ ತಿರುಪು. 1987ರಲ್ಲಿ ಬಂದದ್ದು. ಚಿತ್ರ ಮಾತ್ರ ಒಯ್ಯುತ್ತದೆ, ಧ್ವನಿ ಇಲ್ಲ.

ಎಚ್‌ಡಿಎಂಐ: ಚಪ್ಪಟೆ ಬಾಯಿ, ಕೆಳಗಿನ ಎರಡು ಮೂಲೆ ಓರೆ. ಚಿತ್ರ, ಧ್ವನಿ ಎರಡನ್ನೂ ಒಯ್ಯುತ್ತದೆ. ಈಗಿನ ಟಿವಿಗಳಲ್ಲಿ ಇರುವುದು ಹೆಚ್ಚಾಗಿ ಇದೇ.

ಟೈಪ್-ಸಿ: ಈಗಿನ ಮೊಬೈಲ್ ಚಾರ್ಜರಿನಂಥ ಸಣ್ಣ ಬಾಯಿ. ಎಲ್ಲ ಟೈಪ್-ಸಿಯಲ್ಲೂ ಚಿತ್ರ ಹೊರಗೆ ಬರುವುದಿಲ್ಲ. ಆ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಎರಡೂ ಕಡೆ ಒಂದೇ ಬಗೆಯ ಬಾಯಿ ಇದ್ದರೆ ಒಂದೇ ಕೇಬಲ್‌ನಲ್ಲಿ ಕೆಲಸ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ನಡುವೆ 'ಎಚ್‌ಡಿಎಂಐಯಿಂದ ವಿಜಿಎಗೆ' ಎಂಬ ಕನ್ವರ್ಟರ್ ಹಾಕಬೇಕು. ಇದು ಪಂಪ್‌ಸೆಟ್ಟಿನ ಫುಟ್‌ವಾಲ್ವಿನ ಹಾಗೆ, ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವ ಕನ್ವರ್ಟರ್ ಬೇರೆ.

ದಾಸನಕೊಪ್ಪದಿಂದ ಶಿರಸಿ ಪೇಟೆಗೆ ಹೋಗುವ ಮೊದಲು ಎರಡೂ ಕಡೆಯ ಬಾಯಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಅಂಗಡಿಯಲ್ಲಿ ತೋರಿಸಿ. 2023ರಿಂದ ನಮಗೆ ಸರ್ಕಾರಿ ಬಸ್ಸು ಪುಕ್ಕಟೆ ಇರಬಹುದು, ಆದರೆ ತಪ್ಪು ಕೇಬಲ್ ತಂದರೆ ಒಂದು ದಿನದ ಕೂಲಿ ಹೋದಂತೆಯೇ! ಕೇಬಲ್ ಮೂರು ಮೀಟರ್ ಉದ್ದ ಇರಲಿ. ಗಿಡ್ಡದಾದರೆ ಟಿವಿಗೆ ಮುಟ್ಟುವುದಿಲ್ಲ.

ಜೋಡಿಸುವ ಕ್ರಮ

1. ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಬಂದ್ ಮಾಡಿ.
2. ಬಾಯಿಯ ಆಕಾರ ನೋಡಿ ಕೇಬಲ್ ಸೇರಿಸಿ. ಒತ್ತಾಯ ಬೇಡ, ಪಿನ್ನು ಬಾಗುತ್ತದೆ. ವಿಜಿಎ ಆದರೆ ತಿರುಪು ಬಿಗಿ ಮಾಡಿ.
3. ಮೊದಲು ಟಿವಿ ಹಚ್ಚಿ. ರಿಮೋಟಿನಲ್ಲಿ 'ಸೋರ್ಸ್' ಅಥವಾ 'ಇನ್‌ಪುಟ್' ಒತ್ತಿ, ಕೇಬಲ್ ಹಾಕಿದ ಬಾಯಿಯ ಹತ್ತಿರ ಬರೆದ ಹೆಸರನ್ನೇ ಆರಿಸಿ. 'ನೋ ಸಿಗ್ನಲ್' ಅಂತ ಬಂದರೆ ಹೆದರಬೇಡಿ. ಕೇಬಲ್ ಸಡಿಲವೋ, ಆರಿಸಿದ ಬಾಯಿ ಬೇರೆಯೋ ನೋಡಿ.
4. ಲ್ಯಾಪ್‌ಟಾಪ್ ಹಚ್ಚಿ, ವಿಂಡೋಸ್ ಚಿಹ್ನೆಯ ಕೀಲಿ ಹಿಡಿದುಕೊಂಡು 'ಪಿ' ಒತ್ತಿ. 'ಡುಪ್ಲಿಕೇಟ್' ಆರಿಸಿದರೆ ಎರಡೂ ಕಡೆ ಒಂದೇ ಚಿತ್ರ. 'ಎಕ್ಸ್‌ಟೆಂಡ್' ಆರಿಸಿದರೆ ಎರಡು ಪರದೆ ಬೇರೆ ಬೇರೆ.

ಎಚ್ಚರಿಕೆಯ ಮಾತು

ಲೆಕ್ಕ ಎಲ್ಲರದ್ದು, ಪಾಸ್‌ವರ್ಡ್ ಎಲ್ಲರದ್ದಲ್ಲ. ಪಾಸ್‌ವರ್ಡ್, ಒಟಿಪಿ, ಆಧಾರ್ ನಂಬರ್ ದೊಡ್ಡ ಪರದೆಯಲ್ಲಿ ಬರಬಾರದು. ಮೊದಲು ಅದೇ ಕೀಲಿಗಳಿಂದ 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿ ಒಳಗೆ ಹೋಗಿ, ಲೆಕ್ಕದ ಪುಟ ಬಂದ ಮೇಲೆ 'ಡುಪ್ಲಿಕೇಟ್' ಮಾಡಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ಚು ಆರಿಸಿದರೆ ಸಾಲದು. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ. ಕೇಬಲ್ಲನ್ನು ಮಕ್ಕಳು ಎಡವದ ಹಾಗೆ ಗೋಡೆ ಬದಿಗೆ ಹಾಯಿಸಿ.

ಪರದೆ ಬಂದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ, ನೋಡುವ ಕಣ್ಣು ಬೇಕು. ಪ್ರತಿ ಸದಸ್ಯೆಯ ಉಳಿತಾಯ, ಅಸಲು, ಬಡ್ಡಿ, ಉಳಿದ ಸಾಲ ಇವನ್ನು ಬರೆಯುವವರು ಗಟ್ಟಿಯಾಗಿ ಓದಲಿ. ಓದು ಬಾರದ ಸಹೋದರಿಯ ಪಕ್ಕ ಓದು ಬಲ್ಲವರೊಬ್ಬರು ಕೂರಲಿ. ಆಕೆ ತನ್ನ ಪಾಸ್ ಪುಸ್ತಕ ತಾಳೆ ನೋಡಿ "ಹೌದು" ಅಂದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಹೀಗೆ ಕೇಳುವುದು ಬರೆಯುವವರ ಮೇಲಿನ ಅನುಮಾನವಲ್ಲ. ಲೆಕ್ಕ ಎಲ್ಲರೂ ಕಂಡಿದ್ದರೆ ನಾಳೆ ಅವರ ಮೇಲೂ ಅಪವಾದ ಬರುವುದಿಲ್ಲ.