ಸೀಲ್ ಬ್ಯಾಟರಿ ಮೇಲೋ, ನೀರು ಹಾಕುವ ಬ್ಯಾಟರಿ ಮೇಲೋ?

ನಮ್ಮದು ಶಿರಾ ಸೀಮೆಯ ಖುಷ್ಕಿ ಬೇಸಾಯ. ಕಡಲೆಕಾಯಿ, ರಾಗಿ, ಅವರೆ, ತೊಗರಿ. ಮಾರ್ಕೆಟ್ಟಿಗೆ ಮಾಲು ಸಾಗಿಸಲು ಒಂದು ಹಳೇ ಮಾರುತಿ ಓಮ್ನಿ ಇಟ್ಟುಕೊಂಡಿದ್ದೇನೆ. ಅದರ ಬ್ಯಾಟರಿ ಎರಡು ಸಲ ಕೈಕೊಟ್ಟು ನನಗೆ ಪಾಠ ಕಲಿಸಿತು.

ಎಂಟು ವರ್ಷದ ಹಿಂದಿನ ಮಾಗಿ ಚಳಿ. ಆರು ಮೂಟೆ ಸೊಗಡವರೆ ಬಿಡಿಸಿ ರಾತ್ರಿಯೇ ಗಾಡಿಗೆ ತುಂಬಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಚಾವಿ ತಿರುಗಿಸಿದರೆ ಟಕ್ ಟಕ್ ಅಂದು ಸುಮ್ಮನಾಯಿತು. ಅಕ್ಕಪಕ್ಕದವರನ್ನು ಎಬ್ಬಿಸಿ ತಳ್ಳಿಸಿಕೊಂಡು ತುಮಕೂರು ಮಾರ್ಕೆಟ್ ಮುಟ್ಟುವಾಗ ಹತ್ತು ಗಂಟೆ. ಕೊಳ್ಳುವವರು ಖಾಲಿಯಾಗಿದ್ದರು. ಅರ್ಧ ರೇಟಿಗೆ ಕೊಟ್ಟು ಬಂದೆ.

ಮನೆಗೆ ಬಂದು ಬ್ಯಾಟರಿ ಮುಚ್ಚಳ ಬಿಚ್ಚಿ ನೋಡಿದರೆ ನೀರು ಕೆಳಗೆ, ಪ್ಲೇಟು ಮೇಲೆ! ತಪ್ಪು ನನ್ನದೇ. ತಿಂಗಳುಗಟ್ಟಲೆ ನೋಡಿರಲಿಲ್ಲ. ಅದಕ್ಕೂ ಮೊದಲು ಎರಡು ಸಲ ಬೋರಿನ ನೀರು ಹಾಕಿದ್ದೆ. ನಮ್ಮ ಕಡೆ ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಕಟ್ಟುತ್ತೆ. ಅಂಥಾ ನೀರು ಬ್ಯಾಟರಿಗೆ ವಿಷ.

ಒಳಗೆ ನಡೆಯುವುದೇನು?

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಮನೆ, ಮನೆಗೆ ಸುಮಾರು 2 ವೋಲ್ಟ್. ಸೀಸದ ಪ್ಲೇಟು ನೀರು ಬೆರೆಸಿದ ಆಸಿಡ್ಡಿನಲ್ಲಿ ಮುಳುಗಿರುತ್ತೆ. ಚಾರ್ಜ್ ಆಗುವಾಗ ಒಂದಿಷ್ಟು ನೀರು ಗ್ಯಾಸಾಗಿ ಹೋಗುತ್ತೆ, ಆಸಿಡ್ ಉಳಿಯುತ್ತೆ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು, ಆಸಿಡ್ ತುಂಬಬಾರದು.

ಸೀಲ್ ಬ್ಯಾಟರಿಯೂ ಸೀಸ, ಆಸಿಡ್ಡೇ. ಪ್ಲೇಟಿನ ಸೀಸಕ್ಕೆ ಆಂಟಿಮನಿ ಬದಲು ಕ್ಯಾಲ್ಸಿಯಂ ಬೆರೆಸಿರುವುದರಿಂದ ಗ್ಯಾಸ್ ಕಡಿಮೆ, ನೀರಿನ ಖರ್ಚೂ ಕಡಿಮೆ. ಇನ್ನು ಕೆಲವು ಜಾತಿಯಲ್ಲಿ ಆಸಿಡ್ಡನ್ನು ಗಾಜಿನ ನಾರು ಹೀರಿಕೊಂಡಿರುತ್ತೆ. ಹುಟ್ಟಿದ ಗ್ಯಾಸಿನಲ್ಲಿ ಬಹುಪಾಲು ಒಳಗೇ ಮತ್ತೆ ನೀರಾಗುತ್ತೆ.

ಎರಡನೇ ಪೆಟ್ಟು

ನೀರಿನ ಗೋಜೇ ಬೇಡವೆಂದು ಹೆಚ್ಚು ದುಡ್ಡು ಕೊಟ್ಟು ಸೀಲ್ ಬ್ಯಾಟರಿ ತಂದೆ. ಒಂದೂವರೆ ವರ್ಷಕ್ಕೆ ಹೊಟ್ಟೆ ಉಬ್ಬಿ ಕೂತಿತು. ಮೆಕ್ಯಾನಿಕ್ ಹುಡುಗ ಹಳೇ ಬ್ಯಾಟರಿಯೊಂದನ್ನು ಜೋಡಿಸಿ, ಇಂಜಿನ್ ಓಡಿಸಿ ಮೀಟರ್ ಹಿಡಿದ. 13.8ರಿಂದ 14.4 ವೋಲ್ಟ್ ಇರಬೇಕಾದ ಕಡೆ 15 ದಾಟಿತ್ತು. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸಿ ಹಾಕಿತ್ತು. "ಯಜಮಾನ್ರೇ, ನೀರು ಹಾಕೋ ಬ್ಯಾಟರಿ ಆಗಿದ್ದಿದ್ರೆ ಮೊದಲ್ನೇ ತಿಂಗಳೇ ನೀರಿಳಿದು ನಿಮ್ಗೆ ಗೊತ್ತಾಗೋದು" ಅಂದ.

ಆ ಮಾತೇ ನನಗೆ ನಾಟಿದ್ದು. ನೀರಿನ ಬ್ಯಾಟರಿ ತನ್ನ ಕಾಯಿಲೆ ಹೇಳಿಕೊಳ್ಳುತ್ತೆ. ಸೀಲ್ ಬ್ಯಾಟರಿ ಬಾಯಿ ಬಿಡದೆ ಸಾಯುತ್ತೆ.

ಯಾರಿಗೆ ಯಾವುದು?

ನೀರಿನದಕ್ಕೆ ಬೆಲೆ ಕಮ್ಮಿ. ಹೈಡ್ರೋಮೀಟರ್ ಅದ್ದಿ ಒಂದೊಂದು ಮನೆಯನ್ನೂ ನೋಡಬಹುದು. ಪೂರ್ತಿ ಚಾರ್ಜಾಗಿದ್ದರೆ 1.250ರಿಂದ 1.280 ತೋರಿಸುತ್ತೆ. ಐದು ಮನೆ ಸರಿಯಿದ್ದು ಒಂದು ಬಹಳ ಇಳಿದಿದ್ದರೆ ಆ ಮನೆ ಹೋಗುತ್ತಿದೆ ಅಂತ ತಿಳಿಯಿರಿ. ಆದರೆ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟುವುದು ಹೆಚ್ಚು, ನಿಲ್ಲಿಸಿದಲ್ಲೇ ಚಾರ್ಜ್ ಇಳಿಯುವುದೂ ಬೇಗ.

ಸೀಲ್ ಬ್ಯಾಟರಿ ವಾರಗಟ್ಟಲೆ ನಿಲ್ಲುವ ಗಾಡಿಗೆ, ಬಾನೆಟ್ ಎತ್ತದವರಿಗೆ ಅನುಕೂಲ. ಅದಕ್ಕೆ ಮೀಟರೊಂದೇ ವೈದ್ಯ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಕೂಡಲೇ ಚಾರ್ಜಿಗೆ ಹಾಕಿ. ಮೇಲಿನ ಹಸಿರು ಕಣ್ಣು ಆರು ಮನೆಯಲ್ಲಿ ಒಂದರ ಸುದ್ದಿ ಮಾತ್ರ ಹೇಳುತ್ತೆ, ಅದನ್ನೇ ನಂಬಬೇಡಿ.

ಎರಡಕ್ಕೂ ಬಿಸಿಲು ಆಗದು. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಗಟ್ಟಿ ಪದರ ಕಟ್ಟಿ ಆಮೇಲೆ ಚಾರ್ಜೇ ಹಿಡಿಯುವುದಿಲ್ಲ.

ಅಮಾವಾಸ್ಯೆ ಕೆಲಸ

ನಾನೀಗ ಮತ್ತೆ ನೀರಿನ ಬ್ಯಾಟರಿಗೇ ಬಂದಿದ್ದೇನೆ. ಬೆಂಗಳೂರಿನ ಮಗನ ಕಾರಿಗೆ ಸೀಲ್ ಬ್ಯಾಟರಿಯೇ ಇರಲಿ ಅಂದೆ, ಅವನು ನೋಡುವವನಲ್ಲ. ಅಮಾವಾಸ್ಯೆ ದಿನ ನಾವು ನೇಗಿಲು ಹೂಡುವುದಿಲ್ಲವಲ್ಲ, ಅವತ್ತೇ ನನ್ನ ಬ್ಯಾಟರಿ ತಪಾಸಣೆ. ಹತ್ತು ನಿಮಿಷದ ಕೆಲಸ. ಪ್ಲೇಟು ಮುಳುಗುವಂತೆ, ಗುರುತು ಮೀರದಂತೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಬೀಡಿ ದೂರವಿರಲಿ, ಆ ಗ್ಯಾಸ್ ಸಿಡಿಯುತ್ತೆ. ವೈರ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಳಿ ಪುಡಿಯನ್ನು ಮುಚ್ಚಳ ಭದ್ರ ಮಾಡಿಕೊಂಡು ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿ.

ಸತ್ತ ಬ್ಯಾಟರಿಯನ್ನು ಸೀಸದ ಆಸೆಗೆ ಹಿತ್ತಲಲ್ಲಿ ಒಡೆಯಬೇಡಿ. ಸೀಸ ಮಕ್ಕಳ ಮಿದುಳಿಗೆ ಹಾನಿ. 2022ರ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದ್ದು. ಅಂಗಡಿಗೇ ಕೊಡಿ, ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿಮೆಯೂ ಮಾಡುತ್ತಾರೆ.

ಕೊಳ್ಳುವ ಮೊದಲು ಯಾವುದು ಒಳ್ಳೆಯದು ಅಂತ ಕೇಳುವುದಕ್ಕಿಂತ, ಅದನ್ನು ನೋಡಿಕೊಳ್ಳುವವರು ಯಾರು ಅಂತ ಮನೆಯಲ್ಲಿ ಕೇಳಿಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ.